ಕಟ್ಟೆಗೆ ಮಾರ್ಬಲ್ ಹಾಕಿಸಿದ್ದು

ದುಂಡಸಿಯಿಂದ ಶಿಗ್ಗಾವಿಗೆ ಹೋಗುವ ಬಸ್ಸು ನಮ್ಮ ಮನೆಯ ಮುಂದೆಯೇ ನಿಲ್ಲುತ್ತದೆ. ಬಸ್ಸಿಗೆ ಕಾಯುವವರೆಲ್ಲ ಕೂರುತ್ತಿದ್ದುದು ನಮ್ಮ ಹೊರಗಟ್ಟೆಯ ಮೇಲೆ, ಅಪ್ಪನ ಪಕ್ಕ. ಯಾರ ಎಮ್ಮೆ ಈಯಿತು, ಯಾರ ಮಗಳಿಗೆ ಯಾವ ಊರಿನ ವರ ಗೊತ್ತಾದ ಎಂಬುದನ್ನು ಕೇಳದೆ ಅಪ್ಪನಿಗೆ ಸಂಜೆಯಾಗುತ್ತಿರಲಿಲ್ಲ. ಹೋದ ವರ್ಷ, ಮನೆಯೊಳಗೆ ಹಾಸಿ ಉಳಿದ ಬಿಳಿ ಮಾರ್ಬಲ್ಲನ್ನು ನಾನು ಆ ಕಟ್ಟೆಗೆ ಹಾಕಿಸಿದೆ. ಒರಟು ಕಲ್ಲಿಗೆ ಅಪ್ಪನ ಧೋತರ ಸವೆಯುತ್ತಿದೆ ಎಂಬ ಘನವಾದ ಕಾರಣವೂ ನನ್ನಲ್ಲಿತ್ತು.

ಸತ್ತವರನ್ನು ಕೂರಿಸಿಯೇ ಹೂಳುವ ಜನ ನಾವು. ನಮ್ಮ ಸೀಮೆಯಲ್ಲಿ ಬಯಲಿನಲ್ಲಿ ಬಿಳಿ ಮಾರ್ಬಲ್ ಕಂಡರೆ ಅದು ಯಾರೋ ಹಿರಿಯರನ್ನು ಹೂಳಿದ ಗದ್ದುಗೆ ಎಂದೇ ಲೆಕ್ಕ. ಈ ಸಣ್ಣ ಸಂಗತಿ ನನಗೆ ಹೊಳೆದಿರಲಿಲ್ಲ.

ಮೊದಲ ದಿನವೇ ಬಸ್ಸಿಗೆ ಬಂದವರು ದೂರ ನಿಂತರು. ಕೆಲವರು ಚಪ್ಪಲಿ ಬಿಟ್ಟರು.

"ಬರ್ರಿ, ಕುಂತ್ರಿ," ಎಂದು ಅಪ್ಪ ಕರೆದ.

"ಇರ್ಲಿ ಬಿಡ್ರಿ ಅಜ್ಜಾರ," ಎಂದು ತಗ್ಗಿದ ದನಿಯಲ್ಲಿ ಹೇಳಿ ಅವರು ರಸ್ತೆ ನೋಡಿದರು.

ಬರಬರುತ್ತ ಅಪ್ಪ ಕರೆಯುವುದನ್ನೇ ಬಿಟ್ಟ. ಬಿಳಿ ಕಲ್ಲಿನ ನಡುವೆ, ಬಿಳಿ ಧೋತರದಲ್ಲಿ, ಬೆನ್ನು ನೆಟ್ಟಗೆ ಮಾಡಿ ಅಲುಗಾಡದೆ ಕೂರತೊಡಗಿದ. ಬ್ಯಾಸಗಿಯ ಮಧ್ಯಾಹ್ನದಲ್ಲೂ ಬೇವಿನ ನೆರಳಿಗೆ ಆ ಕಲ್ಲು ತಣ್ಣಗಿರುತ್ತಿತ್ತು. ಚಹಾ ಕೊಡಲು ಹೋದರೆ, ಅಪ್ಪನ ಕೈಯೂ.

ಒಂದು ಬೆಳಿಗ್ಗೆ ಬಸ್ಸಿಳಿದ ಮುದುಕಿಯೊಬ್ಬಳು ನೇರ ಬಂದು ಕಟ್ಟೆಗೆ ವಿಭೂತಿ ಬಳಿದಳು. ಊದಿನಕಡ್ಡಿ ಹಚ್ಚಿ, ಅಪ್ಪನ ಮೊಣಕಾಲಿನ ಬಳಿ ಕಾಯಿ ಇಟ್ಟು, ತಲೆ ಎತ್ತದೆ ಕೇಳಿದಳು: "ಅಜ್ಜಾರು ಯಾವಾಗ ಹ್ವಾದ್ರು?"

"ಇನ್ನೂ ಹೋಗಿಲ್ಲ ಯವ್ವಾ," ಎಂದ ಅಪ್ಪ.

ಮುದುಕಿ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದಳು. ಅಪ್ಪನ ಮಾತು ಅವಳ ಕಿವಿಗೆ ಬಿದ್ದ ಗುರುತೇ ಇರಲಿಲ್ಲ. "ಯಾವಾಗ ಹ್ವಾದ್ರು?"

ಅವಳು ಹೋದಮೇಲೆ ಅಪ್ಪ ತನ್ನ ಅಂಗೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡ.

"ತಮ್ಮಾ, ಇದನ್ನ ತಗಸಿಬಿಡು. ಇನ್ನೊಂದೀಟು ದಿನಾ ಕುಂತ್ನಂದ್ರ ನನಗೂ ಖರೇ ಅನಸ್ತೈತಿ."

ಅವತ್ತೇ ಗೌಂಡಿಯನ್ನು ಕರೆಸಿ ಕೀಳಿಸಿದೆ. ಮರುದಿನ ಅಪ್ಪ ಹಳೆಯ ಒರಟು ಕಲ್ಲಿನ ಮೇಲೆ ಕೂತ. ಜನ ಬಂದರು, ನಿಂತೇ ಇದ್ದರು. ಕೊನೆಗೆ ಎಲೆಬುಟ್ಟಿ ಹೊತ್ತ ಹೆಂಗಸೊಬ್ಬಳು, "ಅಜ್ಜಾರ, ತುಸು ಸರೀರಿ. ಕಟ್ಟಿ ನಿಮಗೊಬ್ರಿಗೇ ಅಲ್ಲ," ಎಂದಳು.

ಅಪ್ಪ ಸರಿದ. ಅವಳು ಕೂತಮೇಲೂ ಸರಿಯುತ್ತಲೇ ಹೋದ, ಕಟ್ಟೆಯ ಅಂಚಿನವರೆಗೆ.

ಈಗ ಕಟ್ಟೆ ಮತ್ತೆ ತುಂಬುತ್ತದೆ. ನಡುವೆ, ಅಪ್ಪ ಅಲುಗಾಡದೆ ಕೂತಿದ್ದ ಜಾಗದಲ್ಲಿ ಮಾತ್ರ ಯಾರೂ ಕೂರುವುದಿಲ್ಲ. ಅಪ್ಪನೂ.