ಡಾಕ್ಟರಬಾಯಿಯ ಸಿಟ್ಟು

ಸಿಟ್ಟು ಬಂದರೆ ಡಾಕ್ಟರಬಾಯಿಯ ಮೂಗಿನ ತುದಿ ಮೊದಲು ಬೆವರುತ್ತಿತ್ತು. ಸೆರಗಿನಿಂದ ಅದನ್ನು ಒರೆಸಿಕೊಂಡರೆಂದರೆ ಎದುರಿಗಿದ್ದವನ ಕಥೆ ಮುಗಿಯಿತು. ಸುರಪುರದ ಹೆಣ್ಣುಮಗಳು, ಸ್ವಂತ ದವಾಖಾನೆ ತೆರೆದು ಸುಖವಾಗಿರಬಹುದಿತ್ತು. ಅದು ಬಿಟ್ಟು, ಸರಕಾರಿ ದವಾಖಾನೆಯಿದ್ದೂ ಹಳ್ಳಿಯವರು ಅಲ್ಲಿಗೆ ಯಾಕೆ ಮುಟ್ಟುವುದಿಲ್ಲ, ಮುಟ್ಟದವರು ಏನಾಗುತ್ತಾರೆ ಎಂದು ಶಹಾಪುರದ ಸುತ್ತ ಮನೆಮನೆ ಕೇಳುತ್ತ ತಿರುಗುತ್ತಿದ್ದರು. ಈ ಕಡೆಯ ಊರು, ದಾರಿ ಬಲ್ಲವನೆಂದು ನನ್ನನ್ನು ಜೊತೆಗಿಟ್ಟುಕೊಂಡಿದ್ದರು. ಯಾರ ಮನೆಯಲ್ಲೂ ಚಹಾ ಬೇಡವೆನ್ನದೆ ನೇರ ಒಲೆಯ ಮುಂದೆ ಹೋಗಿ ಕೂಡುತ್ತಿದ್ದರು. “ಚಾ ಕುದಿಯೂತನಕ ಹೆಣ್ಮಕ್ಳು ಖರೇ ಮಾತಾಡ್ತಾರ. ನೀ ಹೊರಗ ಕೂಡು, ನಿನ್ನ ಮೀಸಿ ಕಂಡ್ರ ಬಾಯಿ ಮುಚ್ಚತಾರ,” ಎನ್ನುತ್ತಿದ್ದರು.

ಆಗಷ್ಟೇ ನಮ್ಮ ಸೀಮೆಗೆ ಕಾಲುವೆ ಬಂದಿತ್ತು. ನೀರು ಬಿಟ್ಟ ಪುಣ್ಯಾತ್ಮರಿಗೆ ಜನ ದಾಟುವುದಕ್ಕೊಂದು ಸೇತುವೆ ಬೇಕೆಂಬ ನೆನಪೇ ಆಗಿರಲಿಲ್ಲ. ಮೊದಲು ಹೊಲದ ದಾರಿ ಹಿಡಿದು ಹೋಗುತ್ತಿದ್ದ ದವಾಖಾನೆಗೆ ಈಗ ಗಾಡಿ ಕಟ್ಟಿಕೊಂಡು ದೊಡ್ಡ ಸುತ್ತು ಹಾಕಬೇಕು. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ನನ್ನ ತಂಗಿ ಆ ಸುತ್ತಿನ ದಾರಿಯಲ್ಲೇ, ಗಾಡಿಯಲ್ಲೇ, ಹೊಟ್ಟೆಯ ಕೂಸಿನೊಂದಿಗೆ ಹೋಗಿಬಿಟ್ಟಳು.

ಇದು ಡಾಕ್ಟರಬಾಯಿಗೆ ಗೊತ್ತಿತ್ತು. ಆದರೂ ನಮ್ಮ ಮನೆಯ ಸರದಿ ಬಂದಾಗ ಎಲ್ಲರಿಗೂ ಕೇಳಿದಂತೆ ನಮ್ಮವ್ವನಿಗೂ ಕೇಳಿದರು: “ಹ್ವಾದ ವರ್ಷ ನಿಮ್ಮ ಮನ್ಯಾಗ ಯಾರರ ತೀರಿಕೊಂಡಾರೇನ್ರಿ?”

“ಇಲ್ಲ್ರಿ ಯವ್ವಾ.”

ನಾನು ಹೊಸ್ತಿಲಿಂದಲೇ ಕೂಗಿದೆ: “ಯವ್ವಾ, ತಂಗಿ?”

“ಆಕಿ ಅವರ ಮನಿಯಾಕಿ ಅಲ್ಲೇನೋ! ಕೊಟ್ಟ ಮ್ಯಾಲ ನಮ್ಮ ಮನಿಯಾಕಿ ಅಂತ ಹ್ಯಾಂಗ ಬರಸ್ಲಿ?”

ಮರುದಿನ ಡಾಕ್ಟರಬಾಯಿ ಮುದನಾಳದಲ್ಲಿದ್ದ ತಂಗಿಯ ಗಂಡನ ಮನೆಗೆ ಹೋಗಿ ಅದನ್ನೇ ಕೇಳಿದರು. “ತವರಿಗೆ ಹೋದಾಕಿ ಅಲ್ಲೇ ಹ್ವಾದ್ಲು. ನಮ್ಮ ಮನ್ಯಾಗೇನಿಲ್ಲ್ರಿ,” ಎಂದಳು ಅತ್ತೆ. ದವಾಖಾನೆಯವರ ಕಾಗದದಲ್ಲಿ ಇರುವುದಂತೂ ಸಾಧ್ಯವಿಲ್ಲ. ಅವಳು ಅಲ್ಲಿಗೆ ಮುಟ್ಟಲೇ ಇಲ್ಲವಲ್ಲ. ಹೀಗೆ ನನ್ನ ತಂಗಿ ಎಲ್ಲಿಯೂ ಸತ್ತಿರಲಿಲ್ಲ.

ಆ ದಿನ ಡಾಕ್ಟರಬಾಯಿ ತಮ್ಮ ಪ್ರಶ್ನೆಯನ್ನೇ ಹರಿದುಹಾಕಿದರು. ಮುಗಿಸಿ ಬಂದಿದ್ದ ಊರುಗಳಿಗೆಲ್ಲ ಮತ್ತೆ ಹೋಗಿ ಒಬ್ಬೊಬ್ಬ ತಾಯಿಯನ್ನೂ ಬೇರೆಯೇ ಕೇಳಿದರು: “ನೀ ಹಡದ ಹೆಣ್ಮಕ್ಕಳು ಈಗ ಎಲ್ಲೆಲ್ಲಿ ಅದಾರವ್ವಾ?” ಚಹಾ ಉಕ್ಕಿ ಒಲೆ ಆರಿದರೂ ಏಳದೆ ಅತ್ತ ತಾಯಂದಿರ ದನಿಯನ್ನು ನಾನು ಹೊರಗೆ ಕೂತೇ ಕೇಳಿಸಿಕೊಂಡೆ. ನಮ್ಮ ಮನೆಗೆ ಮತ್ತೆ ಬಂದಾಗ ನಮ್ಮವ್ವನೂ ಬಾಯಿಬಿಟ್ಟು, “ಬರ್ಕೋರಿ. ನನ್ನ ಮಗಳು,” ಎಂದಳು.

ಕಾಲುವೆಯ ಈಚೆಗೊಂದು ಹೆರಿಗೆ ಕೋಣೆ, ಒಬ್ಬ ಸಿಸ್ಟರು ಬೇಕೆಂದು ಶಹಾಪುರದ ಮೀಟಿಂಗಿನಲ್ಲಿ ಡಾಕ್ಟರಬಾಯಿ ಸತ್ತ ಹೆಣ್ಣುಮಕ್ಕಳ ಲೆಕ್ಕ ಮುಂದಿಟ್ಟು ಕೇಳಿದಾಗ ಒಬ್ಬ ಸಾಹೇಬ ನಕ್ಕ. “ತವರಾಗೊಮ್ಮೆ, ಗಂಡನ ಮನ್ಯಾಗೊಮ್ಮೆ ಬರದ್ರ ಒಬ್ಬಾಕಿ ಇಬ್ಬರಾಗ್ತಾಳ್ರಿ ಮೇಡಂ. ನಿಮ್ಮ ಲೆಕ್ಕ ತಪ್ಪು.”

ಸೆರಗು ಮೂಗಿಗೆ ಹೋಯಿತು. “ಇಷ್ಟು ದಿನ ಆಕಿ ಒಬ್ಬಾಕಿನೂ ಆಗಿದ್ದಿಲ್ಲಲ್ಲ, ಆಗ ನಿಮ್ಮ ಲೆಕ್ಕ ಸರಿ ಇತ್ತೇನ್ರಿ?”

ಬೈದು, ಬೈಸಿಕೊಂಡು, ಮತ್ತೆ ಮತ್ತೆ ಹೋಗಿ ಬಾಗಿಲು ಬಡಿದು ಆ ಕೋಣೆಯನ್ನು ತಂದೇ ಬಿಟ್ಟರು. ಒಬ್ಬ ಹೆಂಗಸು ಹೆರುವ ಜಾಗಕ್ಕಾಗಿ ಇಷ್ಟು ಬೈಗುಳ ಬೇಕಾಗಿತ್ತೇ?

ಎಷ್ಟೋ ವರ್ಷಗಳ ಮೇಲೆ ಡಾಕ್ಟರಬಾಯಿ ತೀರಿಕೊಂಡರು. ಸುರಪುರದಲ್ಲಿ ಅವರ ಮಣ್ಣಿಗೆ ಹೋದಾಗ ಅದೇ ಸಾಹೇಬ, ಈಗ ಮುದುಕ, ನನ್ನ ಪಕ್ಕಕ್ಕೆ ಬಂದು ನಿಂತ. “ಭಾಳ ಛಲೋ ಹೆಣ್ಮಗಳು. ಬಾಯಿ ಒಂದೇ ಜೋರು ನೋಡ್ರಿ.”

“ನೀವು ಒಮ್ಮೆರ ಆ ಕಾಲುವಿ ಸುತ್ತಿ ನಮ್ಮೂರಿಗೆ ಬಂದಿದ್ರ, ಅವರು ಮೆಲ್ಲಕ ಮಾತಾಡ್ತಿದ್ರು ಸಾಹೇಬ್ರ,” ಎಂದು ನಾನು ಮಣ್ಣು ಹಾಕಲು ಮುಂದೆ ಹೋದೆ.