ಗೌರತ್ತೆಯ ಹೆಸರು

ಪ್ರಕಾಶನ ಕಾರಿನ ಕನ್ನಡಿಗೆ ನೇತುಬಿದ್ದಿರುವ ಆ ಮಲ್ಲಿಗೆ ಸೆಂಟಿನ ಡಬ್ಬಿಯ ವಾಸನೆ ನೆನೆದರೆ ಈಗಲೂ ನನ್ನ ಕೈ ಮೂಗಿಗೆ ಹೋಗುತ್ತದೆ. ಮಲ್ಲಿಗೆಯಂತೆ, ಮಣ್ಣಂತೆ. ದೇವರ ಯಾತ್ರೆ ಎಂದರೆ ನನ್ನ ಮೂಗಿಗೆ ಗೊತ್ತಿದ್ದ ವಾಸನೆಯೇ ಬೇರೆ. ಪೂರಿಗಾಲಿಯ ನಮ್ಮ ಮನೆಯಲ್ಲಿ ಹೊರಡುವ ಹಿಂದಿನ ದಿನ ಗೌರತ್ತೆ ಒಲೆಯ ಮುಂದೆ ಕೂತು ಎಳ್ಳು ಹುರಿಯುತ್ತಿದ್ದಳು. ಪಕ್ಕದ ಬಾಂಡಲೆಯಲ್ಲಿ ಹುಳಿಗೊಜ್ಜು ಕೊತಕೊತ ಕುದಿಯುತ್ತಿತ್ತು. ಅಷ್ಟರಲ್ಲಿ ಅಜ್ಜಿ ಕೋಳಿ ಕುರಿಯ ಬಾಡು ಬೇಯಿಸುವ ಮಡಕೆಯನ್ನು ತೊಳೆದು ಹಿತ್ತಿಲ ಬೇಲಿಗೂಟಕ್ಕೆ ಬೋರಲು ಹಾಕಿ ಬಂದಿರುತ್ತಿದ್ದಳು. ಮನೆದೇವರನ್ನು ಕಂಡು ಬರುವವರೆಗೆ ಅದು ಒಳಗೆ ಬರುವಂತಿರಲಿಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದು ಮಡಕೆ ಇದ್ದಿರಬೇಕು.

ಅಜ್ಜ ಮಳವಳ್ಳಿಯಿಂದ ಬಾಡಿಗೆಗೆ ಅಂಬಾಸಿಡರ್ ಕಾರು ಹೇಳುತ್ತಿದ್ದ. ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಕೂತು ಹೋಗುತ್ತಿದ್ದೆವು. ಅಜ್ಜನ ಯೋಜನೆಯೆಲ್ಲ ಜಗುಲಿಯ ಮೇಲೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು: "ಮೊದ್ಲು ಮನೆದೇವ್ರು. ಆಮ್ಯಾಕೆ ಯಾವ ದೇವ್ರಾದ್ರೂ ಸೈ, ಯಾವ ಓಟ್ಲಾದ್ರೂ ಸೈ." ನಮ್ಮ ಮನೆದೇವರು ಭೈರವ. ನಿಡಘಟ್ಟದ ಹತ್ತಿರ ದೊಡ್ಡ ರಸ್ತೆ ಬಿಟ್ಟು ಒಳಕ್ಕೆ ಹೋದರೆ ಹುಣಸೆಮರದ ಕೆಳಗೆ ಅವನ ಸಣ್ಣ ಗುಡಿ. ಅವನ ಮುಂದೆ ಯಾರೂ ತಮ್ಮ ಹೆಸರನ್ನು ತಾವೇ ಹೇಳಿಕೊಳ್ಳಬಾರದು, ಮನೆಯವರು ಹೇಳಬೇಕು ಎಂಬುದು ನಮ್ಮವರ ಕಟ್ಟಳೆ. ಅಜ್ಜ ನಮ್ಮೆಲ್ಲರ ಹೆಸರು ಹೇಳುತ್ತಿದ್ದ, ಅಜ್ಜನ ಹೆಸರನ್ನು ಅಜ್ಜಿ ನಾಚಿಕೊಂಡು ಹೇಳುತ್ತಿದ್ದಳು. ಗೌರತ್ತೆ ಅಪ್ಪನ ತಂಗಿ. ಗಂಡ ಸತ್ತು ಚಿಕ್ಕ ವಯಸ್ಸಿಗೇ ತವರಿಗೆ ಬಂದವಳು. ಕೊಟ್ಟ ಹೆಣ್ಣಿನ ಹೆಸರು ಗಂಡನ ಮನೆಯ ದೇವರಿಗೆ ಸೇರಿದ್ದು ಎಂದು ಪೂಜಾರಿ ಒಮ್ಮೆ ಗೊಣಗಿದಾಗ ಅಜ್ಜ ಅವನನ್ನು ದುರುಗುಟ್ಟಿ ನೋಡಿ, "ನನ್ ಮಗಳು ಗೌರಮ್ಮ" ಎಂದು ಗುಡಿಯೆಲ್ಲ ಕೇಳುವ ಹಾಗೆ ಹೇಳಿದ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಜ್ಜ ಹೋದ, ಮನೆ ಪಾಲಾಯಿತು, ಆ ಒಲೆಯಿದ್ದ ಜಾಗದಲ್ಲಿ ಈಗ ಯಾರದೋ ಟ್ರ್ಯಾಕ್ಟರು ನಿಲ್ಲುತ್ತದೆ. ಗೌರತ್ತೆ ಮಂಡ್ಯದಲ್ಲಿ ನನ್ನ ದೊಡ್ಡಪ್ಪನ ಮಗ ಪ್ರಕಾಶನ ಮನೆಯಲ್ಲಿದ್ದಾಳೆ. ಈ ವರ್ಷ ಅವನು ಹೊಸ ಕಾರು ತಂದಾಗ ಅವಳು ನಮ್ಮಿಬ್ಬರನ್ನೂ ಕೂರಿಸಿಕೊಂಡು ಕೇಳಿದಳು, "ನಂಗೆ ಬ್ಯಾರೆ ಯಾವ ದೇವ್ರೂ ಬ್ಯಾಡ ಕಣ್ರಪ್ಪ. ಮನೆದೇವ್ರ ಮುಂದೆ ಒಂದ್ಸಲ ಯಾರಾರ ನನ್ ಹೆಸ್ರೇಳಿ. ನಮ್ಮಪ್ಪ ಸತ್ತೋದ್ಮೇಲೆ ಯಾರೂ ನನ್ ಹೆಸ್ರೇಳಿಲ್ಲ."

ಕೇಳಿದ್ದು ಅಷ್ಟೇ. ಅದಕ್ಕೆ ನಾವು ಮಾಡಿದ ಯೋಜನೆಯನ್ನು ನೆನೆದರೆ ಥೂ ಎನಿಸುತ್ತದೆ. ಫೋನಿನಲ್ಲಿ ಒಂದು ಗುಂಪು, ಅದಕ್ಕೆ ಕೈಮುಗಿದ ಚಿತ್ರ. ವಾರವೆಲ್ಲ ಚರ್ಚೆ. ಎಲ್ಲಿ ಫೋಟೊ ಚೆನ್ನಾಗಿ ಬರುತ್ತದೆ, ಎಲ್ಲಿ ಕಾರು ನೆರಳಲ್ಲಿ ನಿಲ್ಲುತ್ತದೆ, ಎಲ್ಲಿ ನಾಟಿಕೋಳಿ ಸಾರು ಚೆನ್ನಾಗಿರುತ್ತದೆ. ದೇವರ ಸುದ್ದಿ ಉಪ್ಪಿನಕಾಯಿಯಷ್ಟು. ಅತ್ತೆಯ ಡಬ್ಬಾ ಫೋನಿಗೆ ಆ ಗುಂಪು ಬರುವುದಿಲ್ಲ, ಅವಳನ್ನು ಯಾರೂ ಕೇಳಲೂ ಇಲ್ಲ. ಬೆಳಿಗ್ಗೆ ಮುತ್ತತ್ತಿ, ಮಧ್ಯಾಹ್ನ ಮದ್ದೂರಿನ ಹತ್ತಿರ ಊಟ, ಕೊನೆಗೆ ನಿಡಘಟ್ಟ ಎಂದು ಪ್ರಕಾಶ ಗೊತ್ತುಮಾಡಿದ. ನಾನೂ ಒಪ್ಪಿಗೆಯ ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿದೆ.

ಮುತ್ತತ್ತಿಯ ಹೊಳೆದಂಡೆಯಲ್ಲಿ ತಿಂದು ಬಿಸಾಡಿದ ಎಲೆ, ಪ್ಲಾಸ್ಟಿಕ್ಕು, ಮೂಳೆಗಳ ನಡುವೆ ಕಾಲಿಡಲು ಜಾಗವಿರಲಿಲ್ಲ. ಅದರ ನಡುವೆಯೇ ನಿಂತು ನಮ್ಮವರು ಹಲ್ಲು ಕಿರಿದು ಫೋಟೊ ತೆಗೆಸಿಕೊಂಡರು. ಮಧ್ಯಾಹ್ನ ಹೋಟೆಲಿಗೆ ಬಂದಾಗ ಅತ್ತೆ ಕಾಲು ತೊಳೆಯಲು ನಲ್ಲಿಯ ಕಡೆ ಹೋದಳು. ಅವಳು ನಿಧಾನಕ್ಕೆ ನಡೆದು ಬರುವಷ್ಟರಲ್ಲಿ ನಾವು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುತ್ತಿದ್ದೆವು. ಪ್ರಕಾಶ ಮೂಳೆ ಚೀಪುತ್ತಿದ್ದ. ಅವಳು ಎಲೆಗಳನ್ನೂ ನಮ್ಮ ಮುಖಗಳನ್ನೂ ನೋಡಿದಳು.

"ನೀವೆಲ್ಲ ಬಾಡು ತಿಂದ್ಬುಟ್ರೆ ಗುಡಿ ಒಳಕ್ಕೆ ಯಾರ್ಲಾ ಬರೋರು?"

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬೇಲಿಯ ಮೇಲಿನ ಆ ಮಡಕೆ ನೋಡಿಕೊಂಡೇ ಬೆಳೆದವರು ನಾವು. ಒಬ್ಬನಿಗಾದರೂ ಅದು ನೆನಪಾಗಬೇಡವೇ? ಬಾಯಲ್ಲಿದ್ದ ತುತ್ತು ನನಗೆ ಹೇಸಿಗೆಯಾಯಿತು. ಪ್ರಕಾಶ ಕೈ ತೊಳೆಯುತ್ತ, "ಮುಂದಿನ್ ಸಲ ಓಗನ ಬುಡು ಅತ್ತೆ" ಎಂದ. ಮುಂದಿನ ಸಲವಂತೆ. ಅವಳ ವಯಸ್ಸು ಅವನಿಗೆ ಗೊತ್ತಿಲ್ಲವೇ? ನಾನು ರೇಗಿ, ಕಾರು ನಿಡಘಟ್ಟಕ್ಕೆ ಹೋಗದಿದ್ದರೆ ಅತ್ತೆಯನ್ನು ಬಸ್ಸಿನಲ್ಲಿ ಕರೆದೊಯ್ಯುತ್ತೇನೆ ಎಂದೆ. ಕೊನೆಗೆ ಪ್ರಕಾಶ ಕಾರನ್ನು ನಿಡಘಟ್ಟದ ಕಡೆ ತಿರುಗಿಸಿದ. ಆ ಮಲ್ಲಿಗೆ ಡಬ್ಬಿಯ ವಾಸನೆಗೆ ನಮ್ಮ ತೇಗಿನ ವಾಸನೆಯೂ ಸೇರಿಕೊಂಡಿತು.

ಹುಣಸೆಮರ ಇನ್ನೂ ಇತ್ತು. ಅತ್ತೆ ಹಸಿದ ಹೊಟ್ಟೆಯಲ್ಲಿ ತೆಂಗಿನಕಾಯಿ ಹಿಡಿದು ಒಬ್ಬಳೇ ಒಳಗೆ ಹೋದಳು. ಎಂಜಲು ಬಾಯಿಯ ನಾವು ಕಾರಿನ ಪಕ್ಕ ಸಾಲಾಗಿ ನಿಂತೆವು. "ಹೆಸರು ಹೇಳಿ" ಎಂದ ಹೊಸ ಪೂಜಾರಿ. ಅವಳು ಪ್ರಕಾಶನ ಹೆಸರು ಹೇಳಿದಳು, ಅವನ ಹೆಂಡತಿ ಮಕ್ಕಳ ಹೆಸರು ಹೇಳಿದಳು, ನನ್ನದು ಹೇಳಿದಳು, ಮನೆಯ ಒಬ್ಬರನ್ನೂ ಬಿಡಲಿಲ್ಲ. "ನಿಮ್ಮದಮ್ಮ?" ಎಂದು ಪೂಜಾರಿ ಕೇಳಿದ. ಅತ್ತೆ ಸುಮ್ಮನೆ ನಿಂತಳು. ಅವನು ಸ್ವಲ್ಪ ಹೊತ್ತು ಕಾದು, ಗಂಟೆ ಬಾರಿಸುತ್ತ ಮಂಗಳಾರತಿ ಎತ್ತಿದ.

"ನಮ್ಮತ್ತೆ ಗೌರಮ್ಮ" ಎಂದು ನಾನು ಹೊರಗಿನಿಂದಲೇ ಕೂಗಿದೆ.

ಅವಳು ಹೊರಗೆ ಬಂದು, ಕುಂಕುಮ ಮತ್ತು ಹೂವನ್ನು ನಮಗೆ ಕೊಡದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ನಾಳೆ ತಲೆಮ್ಯಾಲೆ ನೀರುಯ್ಕಂಡು ಇಸ್ಕಳಿ" ಎಂದಳು. ನಾನು ಅವಳ ಕೈ ಹಿಡಿದು ಕಾರು ಹತ್ತಿಸುತ್ತ, ಕೂಗಿದ್ದು ಕೇಳಿಸಿತೇ ಎಂದು ಮೆಲ್ಲಗೆ ಕೇಳಿದೆ.

"ನಂಗ್ ಕೇಳುಸ್ತು ಕಣಪ್ಪ" ಎಂದಳು ಗೌರತ್ತೆ. "ಆ ಭೈರವುನ್ಗೆ ಕೇಳುಸ್ತೋ ಇಲ್ವೋ."