ಮುಂದುವರಿಯುತ್ತಿರುವ ದೇಶ

ಘಾನಾದಿಂದ ಭಾಷಣಕ್ಕೆ ಬಂದಿದ್ದ ಮೇಡಂಗೆ ನಾನು ದುಭಾಷಿ. ಸಭೆಗೆ ಹೊರಟಾಗ ಆಟೋದ ಕಂಬಿಗೆ ಸಿಕ್ಕಿ ಅವರ ಕೋಟಿನ ತೋಳು ಪರ್ರನೆ ಹರಿಯಿತು. ಉದಯಗಿರಿಯಲ್ಲಿ ಕಣ್ಣಿಗೆ ಬಿದ್ದ ಟೈಲರ್ ಅಂಗಡಿಗೆ ನುಗ್ಗಿದೆವು. ಗಂಡ ಹೆಂಡತಿ ಇಬ್ಬರೂ ಹೊಲಿಯುತ್ತಿದ್ದರು.

ಮೇಡಂ ಭಾಷಣಕ್ಕೆ ಹೊತ್ತಾಗುತ್ತಿದೆ ಎಂದೆ. ಕೋಟು ಈಸಿಕೊಂಡ ಹೆಂಡತಿ, “ಯಾತರ ಭಾಷಣ ಸಾ?” ಅಂದರು.

“ಮುಂದುವರಿಯುತ್ತಿರುವ ದೇಶಗಳ ಬಗ್ಗೆ ಕಣಮ್ಮ.”

“ಧಾರಾವಾಹಿ ಥರಾನಾ? ದಿನಾ ಕೊನೇಲಿ ‘ಮುಂದುವರಿಯುವುದು’ ಅಂತ ಹಾಕ್ತಾರೆ, ಕಥೆ ಮಾತ್ರ ಅಲ್ಲೇ ಇರ್ತದೆ!”

ಗಂಡ ರೇಗಿದರು. “ಸುಮ್ನಿರು. ಮಿಷನ್ ತುಳಿದೂ ತುಳಿದೂ ನಿನ್ನ ಕಾಲು ಊದ್ಕೊಳ್ತಿತ್ತು. ಈಗ ಮೋಟಾರ್ ಬಂದಿಲ್ವಾ?”

ಅಷ್ಟರಲ್ಲಿ ಕರೆಂಟು ಹೋಯಿತು. ಆಕೆ ನಗುತ್ತಾ ಮೋಟಾರಿನ ಬೆಲ್ಟ್ ಕಳಚಿ, ಹಳೇ ಚರ್ಮದ ಬೆಲ್ಟ್ ಏರಿಸಿ ತುಳಿಯತೊಡಗಿದರು. ರೇಗಿದ್ದ ಗಂಡ ಮೊಬೈಲ್ ಬೆಳಕು ಹಿಡಿದು ನಿಂತರು. ಇಬ್ಬರಿಗೂ ಕೈಮುಗಿದು ಹೊರಟೆವು. ದಾರಿಯಲ್ಲಿ ಅವರ ಜಗಳವನ್ನೆಲ್ಲ ಮೇಡಂಗೆ ಬಿಡಿಸಿ ಹೇಳಿದೆ. ಒಂದು ಪದವನ್ನು ಮಾತ್ರ ಅವರು ಕನ್ನಡದಲ್ಲೇ ಎರಡೆರಡು ಸಲ ಹೇಳಿಸಿಕೊಂಡರು.

ಸಭೆಯಲ್ಲಿ ಭಾಷಣ ಅರ್ಧವಾಗಿತ್ತು, ಸಮಯ ಮುಗಿಯಿತೆಂದು ಅಧ್ಯಕ್ಷರು ಗಂಟೆ ಬಾರಿಸಿದರು. ಮೇಡಂ ಹೊಲಿದ ತೋಳು ಸವರಿಕೊಂಡು, ಕನ್ನಡದಲ್ಲೇ, “ಮುಂದುವರಿಯುವುದು” ಅಂದರು. ಸಭೆಯೆಲ್ಲ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿತು.

ನಾನು ಅನುವಾದಿಸಿದ ಒಂದು ಮಾತಿಗೂ ಅಂಥ ಚಪ್ಪಾಳೆ ಬಿದ್ದಿರಲಿಲ್ಲ.